ಒತ್ತಿದ್ದು ‘ಕ’, ದಾಟಿದ್ದು 37

ದೇವದುರ್ಗ ತಾಲ್ಲೂಕಿನ ಮಸರಕಲ್‌ನ ರೈತರೊಬ್ಬರಿಗೆ ಬೆಳೆಸಾಲಕ್ಕೆ ಪಹಣಿ ಬೇಕೆನ್ನಿ. ಸರ್ವೆ ನಂಬರು ಹೇಳಿದರೆ ಸಾಕು, ಆನ್‌ಲೈನ್ ಸೆಂಟರಿನ ಹುಡುಗ ಟಕಟಕನೆ ಕೀಲಿ ಒತ್ತಿ ಪ್ರಿಂಟ್ ಕೈಗಿಡುತ್ತಾನೆ. 2000ದ ಸುಮಾರಿಗೆ ‘ಭೂಮಿ’ ಯೋಜನೆ ಬರುವ ಮೊದಲು ಇದೇ ಕಾಗದಕ್ಕಾಗಿ ಗ್ರಾಮ ಲೆಕ್ಕಿಗರನ್ನು ಹುಡುಕಿಕೊಂಡು ಅಲೆಯಬೇಕಿತ್ತು. ಆ ಬದಲಾವಣೆಯ ಕತೆ ಎಲ್ಲರಿಗೂ ಗೊತ್ತು. ಸರ್ವರ್ ಬ್ಯುಸಿ, ನೆಟ್ ಇಲ್ಲ, ಕರೆಂಟ್ ಹೋಯಿತು ಎಂಬ ಮಾತುಗಳೂ ಈಗ ಊರಿನ ಮಾತುಗಳೇ. ಆದರೆ ಒಮ್ಮೊಮ್ಮೆ ಎಲ್ಲ ಸರಿಯಿದ್ದೂ ಕೆಲಸ ನಿಲ್ಲುತ್ತದೆ. ಪರದೆ ಬೆಳಗುತ್ತಿರುತ್ತದೆ, ಒತ್ತಿದ ಅಕ್ಷರ ಮಾತ್ರ ಮೂಡುವುದಿಲ್ಲ. “ಕೀಬೋರ್ಡ್ ಸತ್ತದ ನೋಡ್ರಿ, ನಾಳಿಗಿ ಬರ್ರಿ” ಎಂಬ ಉತ್ತರ ಸಿಗುತ್ತದೆ.

ರಾಯಚೂರಿನ ಬಿಸಿಲು, ಹತ್ತಿಯ ಧೂಳು ಕೀಲಿಮಣೆಯನ್ನು ಕೊಲ್ಲುವುದು ನಿಜವೇ. ಆದರೆ ಎಷ್ಟೋ ಸಲ ಅದು ಸತ್ತಿರುವುದಿಲ್ಲ. ಅದು ಹೇಳಿದ್ದನ್ನು ಕಂಪ್ಯೂಟರಿನ ಒಳಗೆ ಕೇಳಿಸಿಕೊಳ್ಳುವವರು ಇರುವುದಿಲ್ಲ, ಅಷ್ಟೆ. ಕೇಳಿಸಿಕೊಳ್ಳುವ ಕೆಲಸ ಕರ್ನಲ್‌ನದು. ಕಾರ್ಯಾಚರಣೆ ವ್ಯವಸ್ಥೆಯ ತಿರುಳಾದ ಈ ತಂತ್ರಾಂಶ ಯಂತ್ರದ ಬಿಡಿಭಾಗಗಳಿಗೂ ನಾವು ಬಳಸುವ ಪ್ರೋಗ್ರಾಮುಗಳಿಗೂ ನಡುವೆ ಕೂತಿರುತ್ತದೆ. ವಿಂಡೋಸ್‌ನಲ್ಲೂ ಕರ್ನಲ್ ಇದೆ, ಆದರೆ ಅದನ್ನು ಬಿಚ್ಚಿ ನೋಡುವಂತಿಲ್ಲ. ಲಿನಕ್ಸ್‌ನದು ತೆರೆದ ಪುಸ್ತಕ. ಯಾವ ಸಾಧನಕ್ಕೆ ಬೆಂಬಲ ಇರಬೇಕು, ಯಾವುದಕ್ಕೆ ಬೇಡ ಎಂದು ಬಳಸುವವರೇ ತೀರ್ಮಾನಿಸಬಹುದು.

ಮೊದಲಿಗೆ ತಿಳಿಯಬೇಕಾದ ಸಂಗತಿಯೆಂದರೆ ಕೀಲಿಗೆ ಅಕ್ಷರ ಗೊತ್ತಿಲ್ಲ. ಅದೊಂದು ಸ್ವಿಚ್ಚು. ನೇರಳೆ ಬಣ್ಣದ ದುಂಡು ಪಿನ್ನಿನ ಹಳೆಯ ಕೀಲಿಮಣೆ ನೋಡಿದ್ದೀರಲ್ಲ, ಅದು ಐಬಿಎಂ 1987ರಲ್ಲಿ ತಂದ ಪಿಎಸ್/2 ಮಾದರಿ. ಅದರಲ್ಲಿ ಕೀಲಿ ಒತ್ತಿದಾಗ ಒಂದು ಸಂಕೇತ, ಬಿಟ್ಟಾಗ ಇನ್ನೊಂದು ಸಂಕೇತ ಹೊರಡುತ್ತದೆ. ಯುಎಸ್‌ಬಿ ಕೀಲಿಮಣೆಯ ರೀತಿಯೇ ಬೇರೆ. ಅದು ತಾನಾಗಿ ಏನೂ ಹೇಳುವುದಿಲ್ಲ. ಕಂಪ್ಯೂಟರೇ ಸೆಕೆಂಡಿಗೆ ಹಲವಾರು ಸಲ ‘ಏನಾದರೂ ಇದೆಯೇ’ ಎಂದು ವಿಚಾರಿಸುತ್ತದೆ, ಆಗ ಎಂಟು ಬೈಟಿನ ಚೀಟಿಯೊಂದನ್ನು ಕೊಡುತ್ತದೆ. ಇಂಗ್ಲಿಷಿನ ‘ಕೆ’ ಕೀಲಿಗೆ ಆ ಚೀಟಿಯಲ್ಲಿರುವ ಸಂಖ್ಯೆ 14. ಹಳೆಯದು ಕಳಿಸುವ ಸಂಖ್ಯೆ ಬೇರೆಯೇ. ಲಿನಕ್ಸ್ ಕರ್ನಲ್ ಈ ಎರಡನ್ನೂ ಒಂದೇ ಲೆಕ್ಕಕ್ಕೆ ತಂದು, ಯಾವ ಕೀಲಿಮಣೆಯಿಂದ ಬಂದರೂ ‘37’ ಎಂದು ಮೇಲಕ್ಕೆ ದಾಟಿಸುತ್ತದೆ.

ಇದನ್ನು ಕಣ್ಣಾರೆ ನೋಡಬಹುದು. ಲಿನಕ್ಸ್ ಇರುವ ಯಂತ್ರದಲ್ಲಿ ‘ಇವಿಟೆಸ್ಟ್’ ಎಂಬ ಪುಟ್ಟ ಪ್ರೋಗ್ರಾಮು ಹಾಕಿಕೊಂಡು ‘ಕೆ’ ಒತ್ತಿದರೆ 37ರ ಮುಂದೆ 1 ಎಂದು ಬೀಳುತ್ತದೆ. ಬೆರಳು ಎತ್ತದೆ ಹಿಡಿದರೆ 2, 2, 2 ಎಂದು ಸಾಲುಗಟ್ಟುತ್ತದೆ. ಬಿಟ್ಟರೆ 0. ಪ್ರತಿ ಸಲವೂ ಅದು ಯಾವ ಗಳಿಗೆಯಲ್ಲಿ ನಡೆಯಿತೆಂಬ ಮುದ್ರೆ ಪಕ್ಕದಲ್ಲಿರುತ್ತದೆ. ಅಷ್ಟು ಬಿಟ್ಟರೆ ಕರ್ನಲ್‌ಗೆ ಬೇರೇನೂ ಗೊತ್ತಿಲ್ಲ. ‘ಕ’ ಎಂಬ ಅಕ್ಷರ ಅಲ್ಲೆಲ್ಲೂ ಇಲ್ಲ.

ಈ ಅಚ್ಚುಕಟ್ಟು ಮೊದಲಿನಿಂದ ಇದ್ದದ್ದಲ್ಲ. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ ಲಿನಕ್ಸ್‌ನ ಮೊದಲ ಆವೃತ್ತಿ ಹೊರಬಿಟ್ಟಾಗ ಅದರೊಳಗಿದ್ದದ್ದು ಫಿನ್ಲೆಂಡಿನ ಕೀಲಿಮಣೆ ಮಾತ್ರ. ತನ್ನ ಮೇಜಿನ ಮೇಲೆ ಇದ್ದದ್ದಕ್ಕೆ ಬರೆದುಕೊಂಡಿದ್ದ, ಮುಗಿಯಿತು. ಕೆಲವೇ ತಿಂಗಳಲ್ಲಿ ಅಮೆರಿಕದ, ಜರ್ಮನಿಯ, ಫ್ರಾನ್ಸಿನ ಕೀಲಿಮಣೆಗಳೂ ಸೇರಿದವು. ಯಾವುದು ಬೇಕೋ ಅದನ್ನು ಕಡತವೊಂದರ ಒಂದು ಸಾಲಿನಲ್ಲಿ ತಿದ್ದಿ ಕರ್ನಲ್ಲನ್ನು ಮತ್ತೆ ಕಟ್ಟಬೇಕಿತ್ತು. ಮೌಸ್‌ಗಳ ಪಾಡು ಇನ್ನೂ ಕಷ್ಟದ್ದು. ಒಂದೊಂದು ಕಂಪನಿಯ ಮೌಸ್ ಒಂದೊಂದು ಭಾಷೆ ಆಡುತ್ತಿತ್ತು, ಅದನ್ನು ಪರದೆ ನಡೆಸುವ ಪ್ರೋಗ್ರಾಮೇ ಕಲಿಯಬೇಕಿತ್ತು. ಜೆಕ್ ದೇಶದ ವೊಯ್ತೆಖ್ ಪಾವ್ಲಿಕ್ ಇದಕ್ಕೆಲ್ಲ ಒಂದೇ ಚೌಕಟ್ಟು ಕಟ್ಟಿದರು. 2003ರ ಡಿಸೆಂಬರಿನಲ್ಲಿ ಬಂದ 2.6 ಆವೃತ್ತಿಯ ಹೊತ್ತಿಗೆ ಕೀಲಿಮಣೆ, ಮೌಸ್, ಜಾಯ್‌ಸ್ಟಿಕ್, ಸ್ಪರ್ಶಪರದೆ ಎಲ್ಲವೂ ಆ ಚೌಕಟ್ಟಿನೊಳಕ್ಕೆ ಬಂದವು.

ಈಗ ಆಯ್ಕೆಯ ಕೆಲಸ ನಡೆಯುವುದು ‘ಮೆನುಕಾನ್ಫಿಗ್’ ಎಂಬ ನೀಲಿ ಪರದೆಯಲ್ಲಿ. ಹತ್ತು ಸಾವಿರಕ್ಕೂ ಹೆಚ್ಚು ಆಯ್ಕೆಗಳಿರುವ ಆ ಕಾಡಿನಲ್ಲಿ ‘ಡಿವೈಸ್ ಡ್ರೈವರ್ಸ್’ ಒಳಗೆ ‘ಇನ್‌ಪುಟ್ ಡಿವೈಸ್ ಸಪೋರ್ಟ್’ ಎಂಬ ಓಣಿ ಇದೆ. ಪ್ರತಿ ಆಯ್ಕೆಗೂ ಸಾಮಾನ್ಯವಾಗಿ ಮೂರು ಉತ್ತರ. ‘ವೈ’ ಎಂದರೆ ಡ್ರೈವರ್, ಅಂದರೆ ಆ ಸಾಧನದ ಮಾತು ಬಲ್ಲ ತಂತ್ರಾಂಶದ ತುಣುಕು, ಕರ್ನಲ್ಲಿನ ಮೈಯಲ್ಲೇ ಸೇರುತ್ತದೆ. ‘ಎಂ’ ಎಂದರೆ ಬೇರೆ ಕಡತವಾಗಿ ಡಿಸ್ಕಿನಲ್ಲಿದ್ದು ಬೇಕಾದಾಗ ಒಳಗೆ ಬರುತ್ತದೆ. ‘ಎನ್’ ಎಂದರೆ ಇಲ್ಲವೇ ಇಲ್ಲ. ಮುಖ್ಯವಾದದ್ದು ‘ಇವಿಡೆವ್’. 37ನ್ನು ಮೇಲಿನ ಪ್ರೋಗ್ರಾಮುಗಳಿಗೆ ತಲುಪಿಸುವ ಬಾಗಿಲು ಅದೇ. ಹಳೆಯ ಕೀಲಿಮಣೆಗೆ ‘ಎಟಿಕೆಬಿಡಿ’, ಅದನ್ನು ನೋಡಿಕೊಳ್ಳುವ ಚಿಪ್ಪಿಗೆ ‘ಐ8042’ ಬೇಕು. ಈ ಹೆಸರು 1984ರ ಐಬಿಎಂ ಪಿಸಿ ಎಟಿಯಲ್ಲಿದ್ದ ಇಂಟೆಲ್ ಚಿಪ್ಪಿನದು, ಚಿಪ್ಪು ಮರೆಯಾದರೂ ಹೆಸರು ಉಳಿದಿದೆ. ಯುಎಸ್‌ಬಿಯವು ಇನ್ನೊಂದೇ ಓಣಿಯಲ್ಲಿ, ‘ಹಿಡ್’ ಎಂಬ ಶೀರ್ಷಿಕೆಯಡಿ ಇವೆ. ಹೊಸಬರು ದಾರಿ ತಪ್ಪುವುದು ಇಲ್ಲೇ. ಇನ್‌ಪುಟ್ ಓಣಿಯಲ್ಲಿ ಎಲ್ಲಕ್ಕೂ ‘ವೈ’ ಒತ್ತಿ ಹೊರಬರುತ್ತಾರೆ, ಯುಎಸ್‌ಬಿ ಕೀಲಿಮಣೆ ಮಾತ್ರ ಮಿಸುಕುವುದಿಲ್ಲ.

ಇನ್ನೊಂದು ಪೇಚೂ ಇದೆ. ಕೀಲಿಮಣೆಯ ಡ್ರೈವರಿಗೆ ‘ಎಂ’ ಕೊಟ್ಟು, ಡಿಸ್ಕಿಗೆ ಗುಪ್ತಪದ ಹಾಕಿದ್ದೀರಿ ಎನ್ನೋಣ. ಯಂತ್ರ ಏಳುವಾಗಲೇ ಗುಪ್ತಪದ ಕೇಳುತ್ತದೆ. ಒತ್ತಲು ಡ್ರೈವರ್ ಬೇಕು, ಡ್ರೈವರ್ ಇರುವುದು ಗುಪ್ತಪದ ಕೊಟ್ಟರೆ ಮಾತ್ರ ತೆರೆಯುವ ಡಿಸ್ಕಿನೊಳಗೆ. ಬೀಗದ ಕೈಯನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಜಡಿದಂತೆ. ಇದನ್ನು ತಪ್ಪಿಸಲು ಆರಂಭದಲ್ಲೇ ಮೆಮೊರಿಗೆ ಬರುವ ಪುಟ್ಟ ಕಡತಗುಚ್ಛದಲ್ಲಿ ಆ ಡ್ರೈವರನ್ನೂ ಸೇರಿಸಬೇಕು, ಇಲ್ಲವೇ ನೆಟ್ಟಗೆ ‘ವೈ’ ಎನ್ನಬೇಕು.

ಉಬುಂಟು, ಫೆಡೋರಾದಂಥವನ್ನು ಹಾಕಿಕೊಂಡವರು ಇದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಅವರು ಎಲ್ಲ ಡ್ರೈವರುಗಳನ್ನೂ ತುಂಬಿಯೇ ಕೊಡುತ್ತಾರೆ.

ಹಾಗಾದರೆ ‘ಕ’ ಹುಟ್ಟುವುದೆಲ್ಲಿ? ಕರ್ನಲ್ಲಿನ ಮೇಲಿನ ಅಂತಸ್ತಿನಲ್ಲಿ. ಅಲ್ಲೊಂದು ನಕಾಶೆ ಇರುತ್ತದೆ, ಯಾವ ಸಂಖ್ಯೆಗೆ ಯಾವ ಅಕ್ಷರ ಎಂದು. ಕನ್ನಡಕ್ಕೆ ಮುಖ್ಯವಾಗಿ ಎರಡು ನಕಾಶೆಗಳಿವೆ. ಒಂದು, ಭಾರತೀಯ ಲಿಪಿಗಳಿಗೆಲ್ಲ ಸಾಮಾನ್ಯವಾದ ಇನ್‌ಸ್ಕ್ರಿಪ್ಟ್. ಇನ್ನೊಂದು, ಕೆ.ಪಿ. ರಾವ್ ಅವರು ರೂಪಿಸಿ ಕನ್ನಡ ಗಣಕ ಪರಿಷತ್ತಿನ ‘ನುಡಿ’ಯ ಮೂಲಕ ಕಚೇರಿ ಕಚೇರಿಗೂ ತಲುಪಿದ ಕಗಪ ವಿನ್ಯಾಸ. ಅದೃಷ್ಟಕ್ಕೆ 37 ಎರಡರಲ್ಲೂ ‘ಕ’ವೇ. ಆದರೆ ‘ಡಿ’ ಕೀಲಿಯ 32 ಕಗಪದಲ್ಲಿ ‘ದ’ ಆದರೆ ಇನ್‌ಸ್ಕ್ರಿಪ್ಟಿನಲ್ಲಿ ಬರೀ ಹಲಂತ. ನುಡಿಯಲ್ಲಿ ಕೈ ಪಳಗಿದವರು ಇನ್‌ಸ್ಕ್ರಿಪ್ಟ್ ಇರುವ ಯಂತ್ರದಲ್ಲಿ ‘ದೇವದುರ್ಗ’ ಎಂದು ಒತ್ತಿದರೆ ಮೊದಲ ಅಕ್ಷರವೇ ಹುಟ್ಟುವುದಿಲ್ಲ. ಆಗ ಬೈಗುಳ ತಿನ್ನುವುದು ಪಾಪದ ಕೀಲಿಮಣೆ. ಲಿನಕ್ಸ್‌ನಲ್ಲಿ ಎರಡೂ ವಿನ್ಯಾಸಗಳು ಸಿಗುತ್ತವೆ, ಸೆಟ್ಟಿಂಗ್ಸ್‌ನಲ್ಲಿ ಬದಲಿಸಿಕೊಂಡರಾಯಿತು. ಅದಕ್ಕಾಗಿ ಕರ್ನಲ್ ಮುಟ್ಟುವ ಅಗತ್ಯವಿಲ್ಲ.

ಕೀಲಿಮಣೆಯೇ ಇಲ್ಲದ ಲಿನಕ್ಸ್ ಯಂತ್ರವನ್ನು ಕರ್ನಾಟಕ ಬಹಳ ಬೇಗ ಕಂಡಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್ ಮೊದಲಾದವರು ಎನ್ಕೋರ್ ಸಾಫ್ಟ್‌ವೇರ್ ಜೊತೆಗೂಡಿ 2001ರಲ್ಲಿ ಮುಂದಿಟ್ಟ ಸಿಂಪ್ಯೂಟರ್ ಅಂಗೈಯಲ್ಲಿ ಹಿಡಿಸುವ, ಕಡ್ಡಿಯಿಂದ ಒತ್ತಿ ಬಳಸುವ ಕಂಪ್ಯೂಟರ್. ಓದು ಬಾರದವರಿಗೂ ದಕ್ಕಬೇಕು, ಹಳ್ಳಿಯಲ್ಲಿ ಹಂಚಿಕೊಂಡು ಬಳಸಬೇಕು ಎಂಬ ಗುರಿಯಿಂದ ಹುಟ್ಟಿದ್ದು. ಕೀಲಿಮಣೆಗೆ ಕರ್ನಲ್ಲಿನಲ್ಲಿ ಕೊಡುವ ಮಹತ್ವ ಅಲ್ಲಿ ಸ್ಪರ್ಶಪರದೆಗೆ ಹೋಯಿತು. 2004ರಲ್ಲಿ ಬಂದ ಅದರ ಅಮಿಡಾ ಮಾದರಿಯಲ್ಲಿ ಯಂತ್ರವನ್ನು ವಾಲಿಸುವುದನ್ನೂ ಗುರುತಿಸುವ ಸಂವೇದಕವಿತ್ತು, ಐಫೋನ್ ಬರುವುದಕ್ಕೆ ಮೂರು ವರ್ಷ ಮೊದಲು. ಮಾರಾಟದಲ್ಲಿ ಸೋತಿತು, ಆಲೋಚನೆಯಲ್ಲಿ ಸೋಲಲಿಲ್ಲ.

ಇವತ್ತು ಮಾನ್ವಿಯ ಸಂತೆಯಲ್ಲಿ ಪ್ರತಿ ಜೇಬಿನಲ್ಲೂ ಇರುವ ಆಂಡ್ರಾಯ್ಡ್ ಫೋನಿನ ತಳದಲ್ಲಿರುವುದು ಇದೇ ಲಿನಕ್ಸ್ ಕರ್ನಲ್, ಇದೇ ಇನ್‌ಪುಟ್ ಚೌಕಟ್ಟು. ಎರಡು ಬೆರಳಿಟ್ಟು ಫೋಟೊ ಹಿಗ್ಗಿಸಿದರೆ ಒಂದೊಂದು ಬೆರಳಿಗೂ ಕರ್ನಲ್ ಒಂದೊಂದು ಗುರುತು ಸಂಖ್ಯೆ ಕೊಟ್ಟು ಹಿಂಬಾಲಿಸುತ್ತದೆ, ಬೆರಳು ಎತ್ತಿದಾಗ ಮೈನಸ್ 1 ಎಂದು ಬರೆದು ಲೆಕ್ಕ ಮುಚ್ಚುತ್ತದೆ. ಬೆರಳಚ್ಚಿನ ಯಂತ್ರದ ಮಾತು ಬೇರೆ. ಭೂಮಿ ಕೇಂದ್ರದ ಸಿಬ್ಬಂದಿ ಲಾಗಿನ್ ಆಗಲು ಬಳಸಿದ್ದೂ ರೇಷನ್ ಅಂಗಡಿಯಲ್ಲಿ ಹೆಬ್ಬೆರಳು ಇಡಿಸಿಕೊಳ್ಳುವುದೂ ಬೆರಳಚ್ಚಿನ ಸಾಧನಗಳೇ, ಆದರೆ ಇಂಥವನ್ನು ಲಿನಕ್ಸ್ ಸಾಮಾನ್ಯವಾಗಿ ಇನ್‌ಪುಟ್ ಓಣಿಯಲ್ಲಿ ಸೇರಿಸುವುದಿಲ್ಲ. ಅವು ಕೊಡುವುದು ಚಿತ್ರ, ಅದನ್ನು ಓದಲು ಬೇರೆ ತಂತ್ರಾಂಶವೇ ಬೇಕು. ಹೀಗಾಗಿ ಹೊಸ ಯಂತ್ರದಲ್ಲಿ ಕೀಲಿಮಣೆ ಸಲೀಸಾಗಿ ನಡೆದೂ ಬೆರಳಚ್ಚು ನಡೆಯದಿದ್ದರೆ ಅಚ್ಚರಿಯೇನಿಲ್ಲ.

ಶಾಲೆಗೆ, ಗ್ರಂಥಾಲಯಕ್ಕೆ ದಾನವಾಗಿ ಬಂದ ಹಳೆಯ ಕಂಪ್ಯೂಟರುಗಳಿಗೆ ಹಗುರವಾದ ಕರ್ನಲ್ ಕಟ್ಟಿಕೊಡುವ ಉತ್ಸಾಹಿ ಯುವಕರಿಗೆ ಒಂದು ಮನವಿ. ಧ್ವನಿ, ಟಿವಿ ಕಾರ್ಡು, ಗೊತ್ತಿಲ್ಲದ ನೆಟ್‌ವರ್ಕ್ ಚಿಪ್ಪುಗಳ ಮೇಲೆ ಕತ್ತರಿ ಆಡಿಸಿ, ಇನ್‌ಪುಟ್ ಮೇಲೆ ಮಾತ್ರ ಬೇಡ. ಇವಿಡೆವ್, ಎಟಿಕೆಬಿಡಿ, ಐ8042, ಯುಎಸ್‌ಬಿ ಹಿಡ್ ನಾಲ್ಕಕ್ಕೂ ‘ವೈ’ ಎಂದೇ ಇಡಿ, ಯುಎಸ್‌ಬಿ ಪೋರ್ಟಿನ ಡ್ರೈವರನ್ನೂ ಮರೆಯಬೇಡಿ. ದುಂಡು ಪಿನ್ನಿನ ಕೀಲಿಮಣೆ ಕೈಕೊಟ್ಟ ದಿನ ಊರಿನ ಅಂಗಡಿಯಲ್ಲಿ ಸಿಗುವುದು ಯುಎಸ್‌ಬಿಯದೇ. ಆ ನಾಲ್ಕನ್ನೂ ತೆಗೆದುಹಾಕಿ ಉಳಿಸುವ ಜಾಗ ಒಂದು ಎಂಬಿಯೂ ಆಗುವುದಿಲ್ಲ.