ನಕ್ಷತ್ರವೇ ಅಯಸ್ಕಾಂತವಾದಾಗ

ಕಾಗದದ ಮೇಲೆ ಕಬ್ಬಿಣದ ಪುಡಿಯನ್ನು ಉದುರಿಸಿ, ಅಡಿಯಲ್ಲಿ ಅಯಸ್ಕಾಂತವೊಂದನ್ನಿರಿಸಿ, ಕಾಗದವನ್ನು ಮೆಲ್ಲನೆ ತಟ್ಟಿದರೆ ಪುಡಿಯು ಕಮಾನು ಕಮಾನಾಗಿ ಸಾಲುಗೂಡುವುದನ್ನು ನಾವೆಲ್ಲರೂ ಶಾಲೆಯಲ್ಲಿ ನೋಡಿದ್ದೇವೆ. ಕಣ್ಣಿಗೆ ಕಾಣದ ಬಲರೇಖೆಗಳನ್ನು ಪುಡಿಯು ತೋರಿಸಿಕೊಡುತ್ತದೆ. ಪ್ರಕೃತಿಯು ಇಂಥದೇ ಪ್ರಯೋಗವನ್ನು ಆಕಾಶದಲ್ಲಿಯೂ ನಡೆಸುತ್ತಿದೆ. ಅಲ್ಲಿ ಅಯಸ್ಕಾಂತವಾಗಿರುವುದು ಒಂದು ನಕ್ಷತ್ರ. ಪುಡಿಯ ಬದಲು ಇನ್ನೊಂದು ನಕ್ಷತ್ರದಿಂದ ಸುರಿಯುವ ಅನಿಲ.

ಅಭಿಜಿತ್ ನಕ್ಷತ್ರದ ಉತ್ತರಕ್ಕೆ, ಹರ್ಕ್ಯುಲಿಸ್ ಪುಂಜದಲ್ಲಿ, ‘ಎಎಂ ಹರ್ಕ್ಯುಲಿಸ್’ ಎಂಬ ಮಂದವಾದ ಚುಕ್ಕೆಯೊಂದಿದೆ. ಬರಿಗಣ್ಣಿಗೆ ಅದು ಕಾಣದು. ಅದರ ಬೆಳಕು ಏರಿಳಿಯುವುದನ್ನು 1923ರಲ್ಲಿ ಜರ್ಮನಿಯ ಮ್ಯಾಕ್ಸ್ ವೋಲ್ಫ್ ಗುರುತಿಸಿದ್ದರು. ವಾಸ್ತವವಾಗಿ ಅಲ್ಲಿರುವುದು ಎರಡು ನಕ್ಷತ್ರಗಳು. ಒಂದು ಚಿಕ್ಕ ಕೆಂಪು ನಕ್ಷತ್ರ. ಇನ್ನೊಂದು ಶ್ವೇತ ಕುಬ್ಜ, ಎಂದರೆ ಇಂಧನವು ತೀರಿ ಕುಗ್ಗಿದ ನಕ್ಷತ್ರದ ತಿರುಳು. ಅದರ ದ್ರವ್ಯರಾಶಿ ಸೂರ್ಯನ ಅರ್ಧಕ್ಕಿಂತ ಹೆಚ್ಚು. ಗಾತ್ರವಾದರೋ ಹೆಚ್ಚುಕಡಿಮೆ ಭೂಮಿಯಷ್ಟು. ಸುಮಾರು 3 ಗಂಟೆ 6 ನಿಮಿಷಗಳಿಗೊಮ್ಮೆ ಇವೆರಡೂ ಪರಸ್ಪರ ಸುತ್ತಿಬರುತ್ತವೆ. ಇವುಗಳ ನಡುವಣ ಅಂತರ ಸೂರ್ಯನ ವ್ಯಾಸಕ್ಕಿಂತಲೂ ಕಡಿಮೆ!

ಇಷ್ಟು ಸಮೀಪದಲ್ಲಿರುವುದರಿಂದ ಕೆಂಪು ನಕ್ಷತ್ರದ ಹೊರಮೈಯ ಅನಿಲವು ಸಂಗಾತಿಯ ಗುರುತ್ವಕ್ಕೆ ಸಿಕ್ಕಿ ಹರಿದುಬರುತ್ತದೆ. ಇಂಥ ಅನೇಕ ಜೋಡಿಗಳಲ್ಲಿ ಈ ಅನಿಲವು ನೇರವಾಗಿ ಬೀಳದೆ, ಬಚ್ಚಲ ತೂಬಿನ ಬಳಿ ಸುಳಿಯುವ ನೀರಿನಂತೆ, ಕುಬ್ಜದ ಸುತ್ತ ತಟ್ಟೆಯಾಗಿ ಹರಡಿ ತಿರುಗುತ್ತದೆ. ಎಎಂ ಹರ್ಕ್ಯುಲಿಸ್‌ನಲ್ಲಿ ಆ ತಟ್ಟೆಯೇ ಇಲ್ಲ. ಇದಕ್ಕೆ ಕಾರಣವೇನು?

1976ರಲ್ಲಿ ಅಮೆರಿಕದ ಅರಿಜೋನ ವಿಶ್ವವಿದ್ಯಾನಿಲಯದ ಸ್ಯಾಂಟಿಯಾಗೊ ಟಾಪಿಯಾ ಈ ಜೋಡಿಯ ಬೆಳಕು ಪ್ರಬಲವಾಗಿ ಧ್ರುವೀಕರಣಗೊಂಡಿರುವುದನ್ನು ಕಂಡರು. ಸಾಮಾನ್ಯ ಬೆಳಕಿನ ಅಲೆಗಳು ಎಲ್ಲ ದಿಕ್ಕುಗಳಲ್ಲಿಯೂ ಅಡ್ಡಾದಿಡ್ಡಿಯಾಗಿ ಕಂಪಿಸುತ್ತವೆ. ಧ್ರುವೀಕೃತ ಬೆಳಕಿನ ಕಂಪನಕ್ಕೆ ಒಂದು ಕ್ರಮವಿರುತ್ತದೆ. ಪ್ರಬಲ ಕಾಂತಕ್ಷೇತ್ರದಲ್ಲಿ ಎಲೆಕ್ಟ್ರಾನುಗಳು ಬಲರೇಖೆಗಳನ್ನು ಸುತ್ತುವಾಗ ಇಂಥ ಬೆಳಕು ಹೊಮ್ಮುತ್ತದೆ. ಆದ್ದರಿಂದ ಈ ಕುಬ್ಜವು ಮಹಾ ಅಯಸ್ಕಾಂತವೆಂದು ಸ್ಪಷ್ಟವಾಯಿತು.

ಅದರ ಬಲವೆಷ್ಟು? ಮೊದಲ ಅಂದಾಜು 20 ಕೋಟಿ ಗೌಸ್. ಆದರೆ ಒಮ್ಮೊಮ್ಮೆ ಈ ಜೋಡಿಯಲ್ಲಿ ಅನಿಲಧಾರೆಯು ಬಹುಮಟ್ಟಿಗೆ ನಿಂತುಹೋಗಿ, ಕುಬ್ಜದ ಮೈ ಮರೆಯಿಲ್ಲದೆ ಕಾಣಿಸುತ್ತದೆ. ಅಂಥ ಸಮಯದಲ್ಲಿ ಅದರ ರೋಹಿತವನ್ನು ಪಡೆದ ವಿಜ್ಞಾನಿಗಳು, ಕಾಂತಕ್ಷೇತ್ರದಿಂದ ರೋಹಿತರೇಖೆಗಳು ಎಷ್ಟು ಸೀಳಿವೆಯೆಂದು ಅಳೆದರು. ಬಂದ ಲೆಕ್ಕ ಸುಮಾರು 1.4 ಕೋಟಿ ಗೌಸ್. ಮೊದಲ ಅಂದಾಜು ಬಿದ್ದುಹೋಯಿತು, ಅಯಸ್ಕಾಂತವು ಸುಳ್ಳಾಗಲಿಲ್ಲ. ಭೂಮಿಯ ಕಾಂತಕ್ಷೇತ್ರ ಸುಮಾರು ಅರ್ಧ ಗೌಸ್ ಮಾತ್ರವೆಂಬುದನ್ನು ನೆನೆದರೆ ಇದರ ಪ್ರಾಬಲ್ಯ ತಿಳಿದೀತು.

ಅನಿಲದ ಕಣಗಳು ವಿದ್ಯುದಾವೇಶ ಪಡೆದಿರುವುದರಿಂದ ಬಲರೇಖೆಗಳನ್ನು ಅಡ್ಡಹಾಯಲಾರವು. ಅವುಗಳ ಗುಂಟ ಜಾರಿ, ಕಾಂತಧ್ರುವದತ್ತ ಸೆಕೆಂಡಿಗೆ ಸಾವಿರಾರು ಕಿಲೋಮೀಟರ್ ವೇಗದಲ್ಲಿ ಧುಮುಕುತ್ತವೆ. ಆ ಆಘಾತದಲ್ಲಿ ಅನಿಲವು ಕೋಟ್ಯಂತರ ಡಿಗ್ರಿಗಳಷ್ಟು ಕಾದು ಕ್ಷ-ಕಿರಣಗಳನ್ನು ಸೂಸುತ್ತದೆ. ಇದೇ ಕಾಂತಬಲವು ಕುಬ್ಜವನ್ನು ಬಿಗಿದು ಹಿಡಿದಿರುವುದರಿಂದ, ಚಂದ್ರನು ಭೂಮಿಗೆ ಒಂದೇ ಮುಖವನ್ನು ತೋರುವಂತೆ, ಅದು ಸಂಗಾತಿಗೆ ಸದಾ ಒಂದೇ ಮುಖವನ್ನು ತೋರುತ್ತದೆ.

ಈ ಕಾಂತತ್ವ ಬಂದುದೆಲ್ಲಿಂದ? ಹುಟ್ಟಿನಿಂದಲೇ ಬಂದುದಾದರೆ, ಅನಿಲಧಾರೆ ಇನ್ನೂ ಆರಂಭವಾಗದ ಎಳೆಯ ಜೋಡಿಗಳಲ್ಲಿಯೂ ಅದು ಕಾಣಬೇಕಿತ್ತು; ಅಲ್ಲಿ ಅದು ಬಹು ವಿರಳ. 2021ರಲ್ಲಿ ಮಥಿಯಾಸ್ ಶ್ರೈಬರ್ ಮತ್ತು ಸಂಗಡಿಗರು ಒಂದು ಸಮಾಧಾನವನ್ನು ಮುಂದಿಟ್ಟರು. ತಣಿದ ಕುಬ್ಜದ ಒಡಲು ಹರಳುಗಟ್ಟುತ್ತಿರುವಾಗ, ಬೀಳುವ ಅನಿಲವು ಅದನ್ನು ವೇಗವಾಗಿ ತಿರುಗಿಸಿದರೆ, ಒಳಗೊಂದು ಡೈನಮೊ ಚಾಲನೆಗೊಳ್ಳಬಹುದು ಎಂದು ಅವರ ವಾದ. ಹಾಗಾದರೆ ಅನಿಲವನ್ನು ಆಳುವ ಅಯಸ್ಕಾಂತವನ್ನು ಅನಿಲವೇ ಎಬ್ಬಿಸಿದಂತಾಯಿತು! ಈ ವಾದ ಇನ್ನೂ ಪರೀಕ್ಷೆಯಲ್ಲಿದೆ. ಕಬ್ಬಿಣದ ಪುಡಿಯ ಕಮಾನುಗಳನ್ನು ಇಂದು ಕುತೂಹಲದಿಂದ ನೋಡುತ್ತಿರುವ ವಿದ್ಯಾರ್ಥಿಗಳಿಗೂ ಇದರಲ್ಲಿ ಮಾಡಲು ಕೆಲಸ ಉಳಿದಿದೆ.