ಊರಿನ ಇಡಗಂಟು

ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದಲ್ಲಿ ಯೂಕ್ಲಿಡ್ ರಸ್ತೆಗೆ ಒಂಬತ್ತನೇ ಬೀದಿ ಸೇರುವ ಮೂಲೆಯಲ್ಲಿ ಒಂದು ದಿನಸಿ ಅಂಗಡಿ ಇದೆ. ಟೊಮೆಟೊ, ಈರುಳ್ಳಿ ಆರಿಸಿ ಬುಟ್ಟಿಗೆ ಹಾಕಿಕೊಳ್ಳುತ್ತಾ ತಲೆಯೆತ್ತಿದರೆ ಮೇಲೆ ಬಣ್ಣದ ಗಾಜಿನ ದೊಡ್ಡ ಗುಮ್ಮಟ. ಅದರ ಕೆಳಗೆ ಸುತ್ತಲೂ ಭಿತ್ತಿಚಿತ್ರಗಳು. ಅವುಗಳನ್ನು ಬರೆದ ಫ್ರಾನ್ಸಿಸ್ ಮಿಲ್ಲೆಟ್ ಟೈಟಾನಿಕ್ ಹಡಗಿನ ದುರಂತದಲ್ಲಿ ತೀರಿಕೊಂಡ ಕಲಾವಿದ. ತಮ್ಮನ ಮನೆಗೆ ಹೋಗಿದ್ದಾಗ ತರಕಾರಿ ತರಲೆಂದು ಅಲ್ಲಿಗೆ ಕಾಲಿಟ್ಟವರು ನಾವು. 2015ರಲ್ಲಿ ಅಂಗಡಿಯಾಗುವ ಮೊದಲು ಇದು ಬ್ಯಾಂಕಾಗಿತ್ತು. 1908ರ ಕಾಲದ ಕಟ್ಟಡ, ಹೆಸರು ಕ್ಲೀವ್‌ಲ್ಯಾಂಡ್ ಟ್ರಸ್ಟ್ ಕಂಪನಿ. ಅದರ ಅಧ್ಯಕ್ಷನಾಗಿದ್ದ ಫ್ರೆಡರಿಕ್ ಗಾಫ್ ಎಂಬ ವಕೀಲನನ್ನು ನಮ್ಮ ಓದುಗರಿಗೆ ಪರಿಚಯಿಸಬೇಕೆಂಬ ಆಸೆ ಅಲ್ಲಿಯೇ ಹುಟ್ಟಿತು.

ಗಾಫ್‌ನನ್ನು ಕಾಡಿದ್ದು ಸತ್ತವರ ಉಯಿಲುಗಳು. ಬದುಕಿರುವಾಗ ಒಳ್ಳೆಯ ಮನಸ್ಸಿನಿಂದ ಬರೆದಿಟ್ಟ ದತ್ತಿಗಳು ಕಾಲ ಬದಲಾದ ಮೇಲೆ ಯಾರಿಗೂ ಒದಗದೆ ಬಿದ್ದಿರುತ್ತಿದ್ದವು. ಸೇಂಟ್ ಲೂಯಿಯ ಬ್ರಯಾನ್ ಮುಲನ್‌ಫಿ ಎಂಬ ಧನಿಕ, ಪಶ್ಚಿಮದ ಕಡೆ ನೆಲೆಯೂರಲು ಹೊರಟು ತನ್ನೂರಿಗೆ ಬಂದು ಸೇರುವ ಬಡ ಪ್ರಯಾಣಿಕರ ನೆರವಿಗೆಂದು ಆಸ್ತಿಯ ಪಾಲು ಬರೆದಿಟ್ಟ. ರೈಲು ಬಂತು, ಗಾಡಿ ಕಟ್ಟಿಕೊಂಡು ಪಶ್ಚಿಮಕ್ಕೆ ಹೋಗುವವರೇ ಇಲ್ಲವಾದರು, ಹಣ ಉಳಿಯಿತು. ಕಾನೂನಿನ ಭಾಷೆಯಲ್ಲಿ ಇದಕ್ಕೆ ‘ಸತ್ತ ಕೈ’ ಎನ್ನುತ್ತಾರೆ. ಗಂಟನ್ನು ಹಿಡಿದ ಕೈ ಸತ್ತಿದೆ, ಹಿಡಿತ ಮಾತ್ರ ಸಡಿಲಿಲ್ಲ.

ಇದನ್ನು ಓದಿದಾಗ ನಮ್ಮೂರಿನ ಶಾಲೆ ನೆನಪಾಯಿತು. ರಾತ್ರಿ ಓದುವ ಬಡ ಹುಡುಗರ ಸೀಮೆಎಣ್ಣೆಗೆಂದು ಒಬ್ಬ ವರ್ತಕರು 500 ರೂಪಾಯಿಯ ದತ್ತಿ ಇಟ್ಟಿದ್ದರು. ನಾನು ಏಳನೇ ಇಯತ್ತೆಗೆ ಬರುವ ಹೊತ್ತಿಗೆ ಊರಿಗೆಲ್ಲ ವಿದ್ಯುತ್ ದೀಪ ಬಂದಿತ್ತು. ಶಾಲೆಯ ಕಿಟಕಿಗೆ ಬಾಗಿಲಿರಲಿಲ್ಲ, ಮಳೆಗಾಲದಲ್ಲಿ ಇರಚಲು ಹೊಡೆದು ಪುಸ್ತಕ ನೆನೆಯುತ್ತಿತ್ತು. ಆ ಬಡ್ಡಿಯಲ್ಲಿ ಒಂದು ಕಿಟಕಿಯಾದರೂ ಆಗಲಿ ಎಂದು ಮೇಷ್ಟ್ರು ಕೇಳಿದರೆ, ದತ್ತಿಪತ್ರದಲ್ಲಿ ಸೀಮೆಎಣ್ಣೆ ಎಂದೇ ಇದೆ ಎಂಬ ಉತ್ತರ ಬಂತು.

1914ರ ಜನವರಿ 2ರಂದು ಗಾಫ್‌ನ ಬ್ಯಾಂಕು ಒಂದು ನಿರ್ಣಯ ಮಾಡಿತು. ಯಾರು ಬೇಕಾದರೂ, ಎಷ್ಟು ಬೇಕಾದರೂ ಊರಿನ ಹೆಸರಿಗೆ ಬಿಟ್ಟುಹೋಗಲಿ. ಎಲ್ಲವೂ ಒಂದೇ ಗಂಟಿಗೆ ಸೇರಲಿ. ಮೂಲಧನವನ್ನು ಬ್ಯಾಂಕು ನೋಡಿಕೊಳ್ಳಲಿ, ಆದಾಯ ಯಾವ ಕೆಲಸಕ್ಕೆ ಹೋಗಬೇಕೆಂದು ಐದು ಜನರ ಸಮಿತಿ ತೀರ್ಮಾನಿಸಲಿ. ಇಬ್ಬರನ್ನು ಬ್ಯಾಂಕು ಆರಿಸಲಿ. ಉಳಿದ ಮೂವರನ್ನು ಮೇಯರ್ ಮತ್ತು ಇಬ್ಬರು ನ್ಯಾಯಾಧೀಶರು ಒಬ್ಬೊಬ್ಬರಂತೆ ನೇಮಿಸಲಿ. ಒಂದೇ ಧರ್ಮಪಂಥದವರು ಇಬ್ಬರಿಗಿಂತ ಹೆಚ್ಚಿರಕೂಡದು. ರಾಜಕೀಯ ಹುದ್ದೆಯಲ್ಲಿರುವವರಿಗೂ ಹುದ್ದೆಗೆ ಹಾತೊರೆಯುವವರಿಗೂ ಜಾಗವಿಲ್ಲ. ಹಣ ಕೊಟ್ಟವರು ಹೇಳಿದ ಉದ್ದೇಶ ಹಳತಾದರೆ ಅದನ್ನು ಬದಲಿಸುವ ಅಧಿಕಾರವೂ ಸಮಿತಿಗಿತ್ತು. ಗಾಫ್‌ನ ಜಾಣತನವೆಲ್ಲ ಈ ಕೊನೆಯ ಷರತ್ತಿನಲ್ಲಿದೆ. ಹೀಗೆ ಹುಟ್ಟಿದ ಕ್ಲೀವ್‌ಲ್ಯಾಂಡ್ ಫೌಂಡೇಶನ್ ಜಗತ್ತಿನ ಮೊದಲ ಸಮುದಾಯ ಪ್ರತಿಷ್ಠಾನ. ಇಂದು ಅಮೆರಿಕವೊಂದರಲ್ಲೇ ಇಂಥವು 700ಕ್ಕೂ ಹೆಚ್ಚಿವೆ.

ಮೊದಮೊದಲು ಗಂಟಿನಲ್ಲಿ ಹಣವೇ ಇರಲಿಲ್ಲ, ಬರೆದಿಟ್ಟವರೆಲ್ಲ ಇನ್ನೂ ಬದುಕಿದ್ದರು. ಸುಮ್ಮನೆ ಕೂರದೆ ಗಾಫ್ ಊರಿನ ಸಮೀಕ್ಷೆ ಮಾಡಿಸಿದ. ಶಾಲೆಗಳ ಸ್ಥಿತಿಗತಿಯ ಮೇಲೆಯೇ 25 ಸಂಪುಟಗಳು ಬಂದವು. ಅವನು 1923ರಲ್ಲಿ ತೀರಿಕೊಂಡ.

ಆಮೇಲಿನ ಕ್ಲೀವ್‌ಲ್ಯಾಂಡಿನ ಕತೆ ದುಃಖದ್ದು. ಉಕ್ಕಿನ ಕಾರ್ಖಾನೆಗಳ ಎಣ್ಣೆ ತುಂಬಿಕೊಂಡ ಕಯಹೋಗಾ ನದಿಗೆ 1969ರ ಜೂನ್ 22ರಂದು ಬೆಂಕಿಯೇ ಹತ್ತಿತು. 1950ರಲ್ಲಿ ಒಂಬತ್ತು ಲಕ್ಷ ದಾಟಿದ್ದ ಜನಸಂಖ್ಯೆ 2020ಕ್ಕೆ ನಾಲ್ಕು ಲಕ್ಷಕ್ಕಿಂತ ಕೆಳಗಿಳಿಯಿತು. ಪ್ರತಿಷ್ಠಾನ ಊರು ಬಿಡಲಿಲ್ಲ, ಬಿಡುವಂತೆಯೂ ಇರಲಿಲ್ಲ. ಹಣ ಆ ಊರಿನದು.

2008ರಲ್ಲಿ ಅದು ಕೈ ಹಾಕಿದ್ದು ಬಟ್ಟೆ ಒಗೆಯುವ ಕೆಲಸಕ್ಕೆ. ಊರಿನಲ್ಲಿ ದೊಡ್ಡ ಆಸ್ಪತ್ರೆಗಳಿವೆ. ಅವುಗಳ ಹಾಸಿಗೆ ಬಟ್ಟೆಯನ್ನು ನೆರೆಯ ಬಡ ಬಡಾವಣೆಗಳ ಜನರೇ ಒಗೆದರೆ? ನೀರು, ವಿದ್ಯುತ್ ಕಡಿಮೆ ಬಳಸುವ ಯಂತ್ರಗಳನ್ನು ತಂದು, ಕೆಲಸಗಾರರೇ ಒಡೆಯರಾಗಿರುವ ಎವರ್‌ಗ್ರೀನ್ ಸಹಕಾರಿ ಲಾಂಡ್ರಿ 2009ರಲ್ಲಿ ಶುರುವಾಯಿತು. ಪಾಲಿನ ಹಣ 3,000 ಡಾಲರ್. ಕೈಯಲ್ಲಿ ಕಾಸಿಲ್ಲದವರು ತಾಸಿನ ಕೂಲಿಯಲ್ಲಿ 50 ಸೆಂಟ್ ಮುರಿಸಿಕೊಂಡು ತೀರಿಸಬಹುದಿತ್ತು. ಆಸ್ಪತ್ರೆಗಳ ದೊಡ್ಡ ಗುತ್ತಿಗೆ ಕೈಗೆ ಬರಲು ವರ್ಷಗಳೇ ಹಿಡಿದವು. 2018ರಲ್ಲಿ ಕ್ಲೀವ್‌ಲ್ಯಾಂಡ್ ಕ್ಲಿನಿಕ್ಕಿನ ಬಟ್ಟೆಯ ಕೆಲಸ ಸಿಕ್ಕಿತು. ನಿಧಾನಕ್ಕೆ ಕಾಯಬಲ್ಲ ಹಣವಿದ್ದದ್ದರಿಂದ ಲಾಂಡ್ರಿ ಉಳಿಯಿತು ಎಂಬುದು ನನ್ನ ಅಭಿಪ್ರಾಯ. ಚುನಾವಣೆಗೊಮ್ಮೆ ಬದಲಾಗುವ ಅನುದಾನವಾಗಿದ್ದರೆ ಎರಡನೇ ವರ್ಷಕ್ಕೇ ಬೀಗ ಬೀಳುತ್ತಿತ್ತು.

2023ರಲ್ಲಿ ಪ್ರತಿಷ್ಠಾನ ಪೇಟೆಯ ನಡುವಿನ ಕಚೇರಿ ಬಿಟ್ಟು, 1966ರ ಗಲಭೆಯಲ್ಲಿ ಬೆಂದಿದ್ದ ಹಫ್ ಬಡಾವಣೆಯ ಅಂಚಿನಲ್ಲಿ ಮರದ ತೊಲೆಗಳ ಹೊಸ ಮನೆ ಕಟ್ಟಿಕೊಂಡಿದೆ. ನೆಲ ಅಂತಸ್ತು ಸಾರ್ವಜನಿಕರಿಗೆ ತೆರೆದಿದೆ.

ಬೆಂಗಳೂರಿಗೆ ಮರಳಿ ರೈಲು ನಿಲ್ದಾಣದ ಎದುರು ಗುಬ್ಬಿ ತೋಟದಪ್ಪನವರ ಛತ್ರದ ಮುಂದೆ ಹಾಯುವಾಗಲೆಲ್ಲ ಗಾಫ್ ನೆನಪಾಗುತ್ತಾನೆ. 1903ರ ಛತ್ರ ಇಂದಿಗೂ ನಿಂತಿದೆ, ಅದಕ್ಕೊಂದು ಟ್ರಸ್ಟ್ ಇದೆ. ಹತ್ತಿರವೇ ಇದ್ದ ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು. ಕೆರೆಯ ಬೆನ್ನಿಗೂ ಹಾಗೊಂದು ಗಂಟು, ನಾಲ್ಕು ಜನ ಇದ್ದಿದ್ದರೆ! ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಗೆ ಆ ಭಾಗ್ಯ ಸಿಕ್ಕಿದೆ. ನೆರೆಯ ನಿವಾಸಿಗಳು 2010ರಲ್ಲಿ ಟ್ರಸ್ಟ್ ಮಾಡಿಕೊಂಡು, ಮರುವರ್ಷ ಪಾಲಿಕೆಯೊಂದಿಗೆ ಒಪ್ಪಂದ ಮಾಡಿಕೊಂಡು ಕೆರೆ ನೋಡಿಕೊಂಡರು. ದೇಣಿಗೆ ಕೂಡಿಸುವುದೇ ಅಂಥವರ ಅರ್ಧ ಕೆಲಸ. ದೊಡ್ಡ ಕಂಪನಿಗಳು ಲಾಭದ ಶೇಕಡ 2ನ್ನು ಸಮಾಜಕ್ಕೆ ಖರ್ಚು ಮಾಡಬೇಕೆಂಬ ಕಾನೂನು 2014ರಿಂದ ಇದೆ, ನಿಜ. ಆದರೆ ಕೆರೆಗೆ ಬೇಕಾದದ್ದು ಮೂವತ್ತು ವರ್ಷ ಜೊತೆಗಿರುವ ಹಣ.

ಅಪ್ಪ-ಅಮ್ಮನ ಹೆಸರಿನಲ್ಲಿ ದತ್ತಿ ಇಡಬೇಕೆಂದಿರುವ ಹಿರಿಯರಲ್ಲಿ ನನ್ನದೊಂದು ಕೋರಿಕೆ. ವಕೀಲರನ್ನು ಕೇಳಿ ಪತ್ರದಲ್ಲಿ ಒಂದು ಸಾಲು ಸೇರಿಸಿ: ಈ ಉದ್ದೇಶದ ಅಗತ್ಯ ತೀರಿದ ದಿನ, ಅಂದಿನ ಊರಿನವರು ಕಂಡ ಅಗತ್ಯಕ್ಕೆ ಈ ಹಣ ಸಲ್ಲಲಿ. ನಮ್ಮೂರಿನ ವರ್ತಕರಿಗೆ ಯಾರೂ ಇದನ್ನು ಹೇಳಲಿಲ್ಲ. ಆ ಸೀಮೆಎಣ್ಣೆಯ 500 ರೂಪಾಯಿ ಶಾಲೆಯ ಪಾಸ್‌ಬುಕ್ಕಿನಲ್ಲಿ ಇನ್ನೂ ಹಾಗೆಯೇ ಇದೆ.