ಕಟ್ಟಡದ ದಫ್ತರವೂ ನಿವಾಸಿಗಳ ಪ್ರಾಣವೂ

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂಬ ಗಾದೆಯು ಮನೆಯ ಯಜಮಾನನು ಅಡಿಪಾಯದಿಂದ ಸೂರಿನವರೆಗೆ ತಾನೇ ಎದುರು ನಿಂತು ಕಟ್ಟಿಸುತ್ತಿದ್ದ ಕಾಲದಲ್ಲಿ ಹುಟ್ಟಿದುದು. ತೊಲೆ ಯಾವ ಮರದ್ದು, ಗೋಡೆಯೊಳಗಿನ ಗಾರೆ ಎಂಥದು, ತಳಹದಿ ಎಷ್ಟು ಮೊಳ ಆಳ ಎಂಬುದನ್ನು ಅವನು ಬಲ್ಲನು. ಅವನು ಮರೆತರೆ ಊರಿನ ಮೇಸ್ತ್ರಿಯು ಬಲ್ಲನು. ಇಂದಿನ ಪಟ್ಟಣಗಳ ಇಪ್ಪತ್ತಂತಸ್ತಿನ ಸೌಧಗಳ ಸಂಗತಿಯೇ ಬೇರೆ. ಒಬ್ಬನು ನಕ್ಷೆಯನ್ನು ಬರೆಯುವನು, ಇನ್ನೊಬ್ಬನು ಭಾರದ ಲೆಕ್ಕವನ್ನು ಹಾಕುವನು, ಮೂರನೆಯವನು ಕಂಟ್ರಾಕ್ಟು ಹಿಡಿಯುವನು, ಅವನ ಕೆಳಗೆ ಹತ್ತಾರು ಒಳಗುತ್ತಿಗೆದಾರರು ದುಡಿಯುವರು, ಬೇರೊಬ್ಬನು ಮಾರುವನು. ಕಟ್ಟುವಾಗ ಒಂದು ಇಟ್ಟಿಗೆಯನ್ನೂ ಕಾಣದ ನೂರಾರು ಕುಟುಂಬಗಳು ಕಟ್ಟಕಡೆಗೆ ಅದರೊಳಗೆ ಮಲಗುವುವು. ಕಟ್ಟಿದವರು ಚದುರಿಹೋದ ಮೇಲೆ ಆ ಗೋಡೆಯೊಳಗೆ ಏನಿದೆ ಎಂಬ ತಿಳಿವಳಿಕೆಯು ಎಲ್ಲಿ ಉಳಿಯುವುದು? ಇದು ಕೇವಲ ಕಚೇರಿಯ ಕಾಗದಪತ್ರಗಳ ಪ್ರಶ್ನೆಯೆಂದು ವಾಚಕರು ಭಾವಿಸಬಾರದು. ಇದು ಪ್ರಾಣದ ಪ್ರಶ್ನೆಯೆಂಬುದನ್ನು ಲಂಡನ್ ನಗರದ ಒಂದು ದುರಂತವು ಲೋಕಕ್ಕೆಲ್ಲ ತೋರಿಸಿಕೊಟ್ಟಿದೆ.

ಆ ನಗರದ ಪಶ್ಚಿಮ ಭಾಗದ ಉತ್ತರ ಕೆನ್ಸಿಂಗ್‌ಟನ್ನಿನಲ್ಲಿ ಗ್ರೆನ್‌ಫೆಲ್ ಟವರ್ ಎಂಬ ೨೪ ಅಂತಸ್ತಿನ ವಸತಿಗೃಹವಿದ್ದಿತು. ೧೯೭೪ರಲ್ಲಿ ಕಟ್ಟಿ ಮುಗಿದ ಈ ಕಟ್ಟಡವು ಪೌರಸಭೆಯವರದು. ಅದರಲ್ಲಿ ವಾಸಿಸುತ್ತಿದ್ದವರಲ್ಲಿ ಹೆಚ್ಚಿನವರು ಸಾಮಾನ್ಯ ಸ್ಥಿತಿಯ ಜನರು. ೨೦೧೬ರಲ್ಲಿ ಅದರ ನವೀಕರಣವು ಪೂರ್ತಿಗೊಂಡು, ಹೊರಮೈಗೆಲ್ಲ ಹೊಸ ಫಲಕಗಳನ್ನು ಹೊದಿಸಲಾಗಿತ್ತು. ೨೦೧೭ನೆಯ ಜೂನ್ ೧೪ರ ನಡುರಾತ್ರಿಯ ಅನಂತರ ನಾಲ್ಕನೆಯ ಅಂತಸ್ತಿನ ಒಂದು ಅಡಿಗೆಮನೆಯ ಶೀತಪೆಟ್ಟಿಗೆಯಲ್ಲಿ ಬೆಂಕಿ ಹುಟ್ಟಿತು. ಅಗ್ನಿಶಾಮಕ ದಳದವರು ಕೆಲವೇ ನಿಮಿಷಗಳಲ್ಲಿ ಬಂದರು. ಆದರೆ ಬೆಂಕಿಯು ಕಿಟಕಿಯಿಂದ ಹೊರಗೆ ಬಂದು ಆ ಹೊದಿಕೆಯನ್ನು ಹಿಡಿದುದೇ ತಡ, ಅರ್ಧ ಗಂಟೆಗಿಂತಲೂ ಕಡಿಮೆ ಕಾಲದಲ್ಲಿ ತುತ್ತತುದಿಯವರೆಗೆ ಏರಿತು. ಒಟ್ಟು ೭೨ ಜನರು ಮಡಿದರು. ಅವರಲ್ಲಿ ೧೮ ಮಂದಿ ಮಕ್ಕಳು.

ಈ ವಿಷಯದ ವಿಚಾರಣೆಯನ್ನು ನಡೆಯಿಸಿದ ಸರ್ ಮಾರ್ಟಿನ್ ಮೂರ್-ಬಿಕ್ ಅವರ ಮೊದಲನೆಯ ವರದಿಯು ೨೦೧೯ರ ಅಕ್ಟೋಬರಿನಲ್ಲಿ ಹೊರಬಿದ್ದಿತು. ಅದನ್ನು ಓದಿದವರಿಗೆ ಬೆಂಕಿಯಷ್ಟೇ ಭಯಂಕರವಾಗಿ ಕಾಣುವುದು ಆ ರಾತ್ರಿ ಎಲ್ಲರನ್ನೂ ಕವಿದಿದ್ದ ಅಜ್ಞಾನವು. ಹೋರಾಡಲು ಬಂದ ಅಧಿಕಾರಿಗಳಿಗೆ ಕಟ್ಟಡದ ನಕ್ಷೆಗಳು ದೊರೆಯಲಿಲ್ಲ. ದಳದ ದಾಖಲೆಯಲ್ಲಿ ಕಟ್ಟಡದ ವಿವರವಿದ್ದರೂ ಅದು ಹಳೆಯದಾಗಿದ್ದು, ನವೀಕರಣದ ಬದಲಾವಣೆಗಳನ್ನು ಒಳಗೊಂಡಿರಲಿಲ್ಲ. ಗೋಡೆಯ ಮೇಲೆ ಹೊದಿಸಿದ ಫಲಕವು ಎರಡು ತೆಳುವಾದ ಅಲ್ಯುಮಿನಿಯಂ ತಗಡುಗಳ ನಡುವೆ ಪಾಲಿಎಥಿಲೀನ್ ಎಂಬ ಸುಲಭವಾಗಿ ಉರಿಯುವ ವಸ್ತುವನ್ನು ಇಟ್ಟು ಮಾಡಿದ್ದು ಎಂಬುದು ಅವರಿಗೆ ತಿಳಿದಿರಲಿಲ್ಲ. ಒಂದು ಮನೆಯ ಬೆಂಕಿ ಇನ್ನೊಂದಕ್ಕೆ ಹಬ್ಬಲಾರದೆಂಬ ಹಳೆಯ ನಂಬಿಕೆಯಿಂದ ನಿವಾಸಿಗಳಿಗೆಲ್ಲ "ನಿಮ್ಮ ನಿಮ್ಮ ಮನೆಗಳಲ್ಲಿಯೇ ಇರಿ" ಎಂದು ಹೇಳಲಾಯಿತು. ಆ ಸಲಹೆಯನ್ನು ಹಿಂದೆಗೆದುಕೊಂಡುದು ೨ ಗಂಟೆ ೪೭ ನಿಮಿಷಕ್ಕೆ. ೧-೩೦ ಮತ್ತು ೧-೫೦ರ ನಡುವೆಯೇ ಅದನ್ನು ಕೈಬಿಡಬೇಕಾಗಿತ್ತೆಂದೂ, ಹಾಗೆ ಮಾಡಿದ್ದರೆ ಇನ್ನೂ ಕೆಲವರು ಉಳಿಯುವ ಸಂಭವವಿದ್ದಿತೆಂದೂ ವಿಚಾರಣಾಧಿಕಾರಿಗಳು ಅಭಿಪ್ರಾಯಪಟ್ಟರು.

೨೦೨೪ರ ಸೆಪ್ಟೆಂಬರಿನಲ್ಲಿ ಬಂದ ಎರಡನೆಯ ವರದಿಯು ಈ ಅಜ್ಞಾನದ ಬೇರುಗಳನ್ನು ಅಗೆದು ತೋರಿಸಿತು. ಫಲಕಗಳನ್ನು ತಯಾರಿಸಿದ ಆರ್ಕೊನಿಕ್ ಕಂಪನಿಯು ಅವುಗಳನ್ನು ಮಡಿಚಿ ಪೆಟ್ಟಿಗೆಯಾಕಾರದಲ್ಲಿ ಕೂರಿಸಿದಾಗ ಉಂಟಾಗುವ ಅಪಾಯದ ನಿಜವಾದ ಪ್ರಮಾಣವನ್ನು ೨೦೦೫ರಿಂದಲೂ ಮಾರುಕಟ್ಟೆಗೆ ತಿಳಿಯಗೊಡದೆ ಬಚ್ಚಿಟ್ಟಿತೆಂದು ಅದರಲ್ಲಿ ಹೇಳಿದೆ. ಇದು ವಂಚನೆಯ ಮಾತಾಯಿತು. ಆದರೆ ವಂಚನೆಯಿಲ್ಲದ ಕಡೆಯಲ್ಲಿಯೂ ಸತ್ಯವು ಹೇಗೆ ಕಳೆದುಹೋಗುವುದೆಂಬುದಕ್ಕೆ ಇನ್ನೊಂದು ನಿದರ್ಶನವಿದೆ. ನವೀಕರಣಕ್ಕಾಗಿ ನೇಮಿಸಲ್ಪಟ್ಟ ಅಗ್ನಿಸುರಕ್ಷತಾ ಸಲಹೆಗಾರರು ೨೦೧೩ರಲ್ಲಿ ಒಂದು ಕರಡು ವರದಿಯನ್ನು ಬರೆದರು. ಹೊರಗೋಡೆಯ ಮೂಲಕ ಬೆಂಕಿ ಹಬ್ಬುವ ಸಂಬಂಧದಲ್ಲಿ ಹೊಸ ಕೆಲಸದಿಂದ ಬಾಧಕವಿಲ್ಲವೆಂದು ತೋರುತ್ತದೆ, ಮುಂದಿನ ಆವೃತ್ತಿಯಲ್ಲಿ ಪರಿಶೀಲಿಸಿ ಖಚಿತಪಡಿಸಲಾಗುವುದು ಎಂಬುದು ಅದರ ತಾತ್ಪರ್ಯ. ಆ ಮುಂದಿನ ಆವೃತ್ತಿಯು ಬರಲೇ ಇಲ್ಲ. ಸಲಹೆಗಾರರು ಯಾರಾದರೂ ಕೇಳುವರೆಂದು ಸುಮ್ಮನಿದ್ದರು. ಉಳಿದವರು ಸಲಹೆಗಾರರು ನೋಡಿಕೊಂಡಿರುವರೆಂದು ಸುಮ್ಮನಿದ್ದರು. ಶಿಲ್ಪಿಯು ಕಂಟ್ರಾಕ್ಟುದಾರನ ಕಡೆಗೂ, ಕಂಟ್ರಾಕ್ಟುದಾರನು ಒಳಗುತ್ತಿಗೆದಾರನ ಕಡೆಗೂ, ಅವನು ತನಿಖೆಯ ಅಧಿಕಾರಿಯ ಕಡೆಗೂ ಕೈ ತೋರಿಸಿದರು. ಹತ್ತು ಜನರಿಗೆ ಸೇರಿದ ಹೊಣೆಯು ಯಾರಿಗೂ ಸೇರದೆ ಹೋಯಿತು.

ಈ ರೋಗಕ್ಕೆ ಮದ್ದನ್ನು ಹುಡುಕುವ ಕೆಲಸವನ್ನು ಅಲ್ಲಿನ ಸರಕಾರವು ಡೇಮ್ ಜುಡಿತ್ ಹ್ಯಾಕಿಟ್ ಎಂಬ ಮಹಿಳೆಗೆ ವಹಿಸಿತು. ಆಕೆ ರಾಸಾಯನಿಕ ಇಂಜಿನಿಯರು. ರಾಸಾಯನಿಕ ಕಾರ್ಖಾನೆಗಳಲ್ಲಿ ಯಾವ ಕೊಳವೆ ಎಲ್ಲಿ ಹೋಗುವುದು, ಯಾವಾಗ ಯಾರು ಅದನ್ನು ಬದಲಾಯಿಸಿದರು ಎಂಬ ಲೆಕ್ಕವಿಲ್ಲದೆ ಒಂದು ದಿನವೂ ಕೆಲಸ ನಡೆಯಲಾರದು. ೨೦೧೮ರ ಮೇ ತಿಂಗಳಿನಲ್ಲಿ ಒಪ್ಪಿಸಿದ ಅಂತಿಮ ವರದಿಯಲ್ಲಿ ಆಕೆ ಸೂಚಿಸಿದ ಉಪಾಯಕ್ಕೆ "ಸುವರ್ಣ ಸೂತ್ರ" ಎಂದು ಹೆಸರಾಯಿತು. ಮಣಿಗಳನ್ನು ದಾರವು ಹಿಡಿದಿಡುವಂತೆ, ಕಟ್ಟಡದ ಮೊದಲನೆಯ ಗೆರೆಯಿಂದ ಅದನ್ನು ಕೆಡವುವ ದಿನದವರೆಗೆ ಅದರ ಸುರಕ್ಷತೆಗೆ ಸಂಬಂಧಿಸಿದ ಎಲ್ಲ ವಿವರಗಳನ್ನೂ ಒಂದೇ ಎಳೆಯಲ್ಲಿ ಪೋಣಿಸಿಡಬೇಕೆಂಬುದು ಇದರ ಅಭಿಪ್ರಾಯ. ಏನನ್ನು ಕಟ್ಟಬೇಕೆಂದು ನಿಶ್ಚಯಿಸಿದ್ದರು, ನಿಜವಾಗಿ ಏನನ್ನು ಕಟ್ಟಿದರು, ನಡುವೆ ಏನನ್ನು ಬದಲಾಯಿಸಿದರು, ಯಾರ ಒಪ್ಪಿಗೆಯಿಂದ ಬದಲಾಯಿಸಿದರು ಎಂಬ ನಾಲ್ಕು ಪ್ರಶ್ನೆಗಳಿಗೆ ಯಾವ ದಿನ ಕೇಳಿದರೂ ಉತ್ತರವು ಸಿದ್ಧವಾಗಿರಬೇಕು.

ಈ ಸೂಚನೆಯು ಕಪಾಟಿನಲ್ಲಿ ಧೂಳು ಹಿಡಿಯಲಿಲ್ಲ. ೨೦೨೨ರ ಏಪ್ರಿಲಿನಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಕಟ್ಟಡ ಸುರಕ್ಷತಾ ಕಾಯಿದೆಯನ್ನು ಅಂಗೀಕರಿಸಿತು. ಅದರಂತೆ ಇಂಗ್ಲೆಂಡಿನಲ್ಲಿ ೧೮ ಮೀಟರು ಅಥವಾ ೭ ಅಂತಸ್ತು ಮತ್ತು ಅದಕ್ಕೆ ಮೇಲ್ಪಟ್ಟ ವಸತಿಗೃಹಗಳನ್ನು ಕಟ್ಟುವವರು ಕೆಲಸವನ್ನು ಆರಂಭಿಸುವುದಕ್ಕೆ ಮುಂಚೆ ಒಂದು ಸಲ, ಮುಗಿಸಿದ ಮೇಲೆ ಜನರನ್ನು ಒಳಗೆ ಬಿಡುವುದಕ್ಕೆ ಮುಂಚೆ ಇನ್ನೊಂದು ಸಲ, ದಾಖಲೆಗಳನ್ನು ತೋರಿಸಿ ನಿಯಂತ್ರಕರ ಒಪ್ಪಿಗೆಯನ್ನು ಪಡೆಯಬೇಕು. ದಾಖಲೆಯನ್ನು ಗಣಕಯಂತ್ರದಲ್ಲಿ ಇಟ್ಟು ಕಾಲಕಾಲಕ್ಕೆ ತಿದ್ದುತ್ತಿರಬೇಕು. ವಾಸವಾದ ಮೇಲೆ ಅದಕ್ಕೆ ಗೊತ್ತಾದ ಒಬ್ಬ ಹೊಣೆಗಾರನಿರಬೇಕು. ೨೦೨೩ರ ಜನವರಿಯಿಂದ ಜಾರಿಗೆ ಬಂದ ಅಗ್ನಿಸುರಕ್ಷತಾ ನಿಯಮಗಳಂತೆ ಇಂಥ ಪ್ರತಿಯೊಂದು ಎತ್ತರದ ವಸತಿಗೃಹದಲ್ಲಿಯೂ ಬೀಗವುಳ್ಳ ಒಂದು ಮಾಹಿತಿ ಪೆಟ್ಟಿಗೆಯಿರಬೇಕು; ಅದರಲ್ಲಿ ಅಂತಸ್ತುಗಳ ನಕ್ಷೆಗಳಿರಬೇಕು; ಹೊರಗೋಡೆಯು ಯಾವ ವಸ್ತುಗಳಿಂದಾಯಿತೆಂಬ ವಿವರವನ್ನು ಅಗ್ನಿಶಾಮಕ ದಳಕ್ಕೆ ಮೊದಲೇ ಒಪ್ಪಿಸಿರಬೇಕು.

ಇದರಿಂದ ಎಲ್ಲವೂ ಸರಿಹೋಯಿತೆಂದು ನಾವು ಹೇಳಲಾರೆವು. ಕೆಲಸದ ಆರಂಭಕ್ಕೆ ಬೇಕಾದ ಒಪ್ಪಿಗೆಯನ್ನು ೧೨ ವಾರಗಳಲ್ಲಿ ಕೊಡತಕ್ಕದ್ದೆಂದು ಗೊತ್ತಾಗಿದ್ದರೂ ಎಷ್ಟೋ ಅರ್ಜಿಗಳು ತಿಂಗಳುಗಟ್ಟಲೆ ಕೊಳೆತುವು. ಮನೆ ಕಟ್ಟುವವರು ಗೊಣಗಿದುದರಲ್ಲಿ ಕಾರಣವಿಲ್ಲದೆ ಇಲ್ಲ. ಅಲ್ಲದೆ, ಕಾಗದವು ಇದ್ದ ಮಾತ್ರಕ್ಕೆ ಕಟ್ಟಡವು ಭದ್ರವಾಗುವುದಿಲ್ಲ. ಅದೇ ಲಂಡನ್ನಿನ ರೋನನ್ ಪಾಯಿಂಟ್ ಎಂಬ ೨೨ ಅಂತಸ್ತಿನ ಕಟ್ಟಡದ ಒಂದು ಮೂಲೆಯು ೧೯೬೮ರ ಮೇ ೧೬ರಂದು ಅನಿಲಸ್ಫೋಟದಿಂದ ಕುಸಿದು ನಾಲ್ವರು ಸತ್ತರು. ೧೯೮೬ರಲ್ಲಿ ಅದನ್ನು ಬಿಚ್ಚಿ ಕೆಡವುವಾಗ, ಗಾರೆಯನ್ನು ತುಂಬಬೇಕಾಗಿದ್ದ ಸಂದುಗಳಲ್ಲಿ ಕಸವೂ ವರ್ತಮಾನಪತ್ರಿಕೆಗಳ ಹಾಳೆಗಳೂ ಸಿಕ್ಕಿದುವು. ಪತ್ರಿಕೆಯ ಕಾಗದಕ್ಕೆ ಅನೇಕ ಉಪಯೋಗಗಳುಂಟೆಂದು ನಾವು ಬಲ್ಲೆವು, ಇದು ಅವುಗಳಲ್ಲೊಂದಲ್ಲ. ನಕ್ಷೆಯಲ್ಲಿ ಗಾರೆಯೇ ಇದ್ದಿತು. ಆದುದರಿಂದ ದಫ್ತರವೆಂದರೆ ಮನಸ್ಸಿನಲ್ಲಿದ್ದುದರ ಚಿತ್ರವಲ್ಲ, ಕಟ್ಟಿದುದರ ಸಾಕ್ಷ್ಯ. ಸಂದನ್ನು ಮುಚ್ಚುವ ಮುಂಚೆ ಕಣ್ಣಾರೆ ನೋಡಿ, ಚಿತ್ರ ತೆಗೆದು, ಹೆಸರು ತಾರೀಖುಗಳನ್ನು ಬರೆದು ರುಜು ಹಾಕಿದ ದಾಖಲೆಯೇ ದಾಖಲೆ.

ದೂರದ ಲಂಡನ್ನಿನ ಮಾತು ನಮಗೇಕೆಂದು ಕೇಳುವವರು ನಮ್ಮ ನಾಡಿನ ಪಟ್ಟಣಗಳನ್ನು ಒಮ್ಮೆ ನೋಡಬೇಕು. ೨೦೧೦ರ ಫೆಬ್ರವರಿ ೨೩ರಂದು ಬೆಂಗಳೂರಿನ ಕಾರ್ಲ್ಟನ್ ಟವರ್ಸ್ ಕಟ್ಟಡದಲ್ಲಿ ಹೊಗೆ ತುಂಬಿ ಒಂಬತ್ತು ಜನರು ಸತ್ತರು. ಹೊರಗೆ ಬರಲು ದಾರಿ ಕಾಣದೆ ಮೇಲಿನಿಂದ ಧುಮುಕಿದವರೂ ಅವರಲ್ಲಿದ್ದರು. ೨೦೧೯ರ ಮಾರ್ಚಿ ೧೯ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ, ಕೆಳಗೆ ಅಂಗಡಿಗಳು ತೆರೆದಿದ್ದು ಮೇಲೆ ಕೆಲಸವು ಇನ್ನೂ ನಡೆಯುತ್ತಿದ್ದ ಕಟ್ಟಡವು ಕುಸಿದು ೧೯ ಜನರನ್ನು ಬಲಿತೆಗೆದುಕೊಂಡಿತು. ಇಂಥ ಪ್ರತಿಯೊಂದು ಸಂದರ್ಭದಲ್ಲಿಯೂ ಹೆಣಗಳನ್ನು ಎತ್ತಿದ ಮೇಲೆ ನಕ್ಷೆಗಾಗಿ ಹುಡುಕಾಟವು ಆರಂಭವಾಗುವುದು. ಆ ನಕ್ಷೆಯು ಮುಂಚೆಯೇ ನಿವಾಸಿಗಳ, ಅಂಗಡಿಕಾರರ ಮತ್ತು ಅಗ್ನಿಶಾಮಕ ದಳದವರ ಕೈಯಲ್ಲಿರಬೇಕೆಂಬುದೇ ನಮ್ಮ ವಾದವು.

ಕಾಯಿದೆಗಳು ನಮ್ಮಲ್ಲಿ ಇಲ್ಲವೆಂದಲ್ಲ. ರೇರಾ ಎಂದು ಪ್ರಸಿದ್ಧವಾಗಿರುವ ೨೦೧೬ರ ಸ್ಥಿರಾಸ್ತಿ ಕಾಯಿದೆಯ ೧೪ನೆಯ ಕಲಮಿನಂತೆ ಮಂಜೂರಾದ ನಕ್ಷೆಯನ್ನು ಮೀರಿ ಕಟ್ಟಕೂಡದು. ಸ್ವಾಧೀನ ಕೊಟ್ಟ ಐದು ವರ್ಷಗಳೊಳಗೆ ರಚನೆಯಲ್ಲಿ ದೋಷ ಕಂಡುಬಂದರೆ ಕಟ್ಟಿದವನೇ ಸರಿಪಡಿಸಿಕೊಡಬೇಕು. ೧೭ನೆಯ ಕಲಮಿನಂತೆ ಅವನು ಕಟ್ಟಡದ ದಾಖಲೆಗಳನ್ನೂ ನಕ್ಷೆಗಳನ್ನೂ ನಿವಾಸಿಗಳ ಸಂಘಕ್ಕೆ ಒಪ್ಪಿಸಬೇಕು. ೨೦೨೪ರ ಡಿಸೆಂಬರ್ ೧೭ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಮಂಜೂರಾದ ನಕ್ಷೆಯನ್ನು ಕಟ್ಟಡದ ಸ್ಥಳದಲ್ಲಿ ಎಲ್ಲರಿಗೂ ಕಾಣುವಂತೆ ಇಡತಕ್ಕದ್ದೆಂದೂ, ಪೂರ್ಣತಾ ಪತ್ರ ಅಥವಾ ವಾಸಯೋಗ್ಯತಾ ಪತ್ರವನ್ನು ತೋರಿಸಿದ ಮೇಲೆಯೇ ನೀರು ವಿದ್ಯುತ್ತುಗಳನ್ನು ಕೊಡತಕ್ಕದ್ದೆಂದೂ ಆಜ್ಞಾಪಿಸಿತು. ಆದರೆ ಮನೆ ಕೊಳ್ಳುವಾಗ ನಾವು ಕೇಳುವುದು ಕ್ರಯಪತ್ರವನ್ನು, ಖಾತೆಯನ್ನು, ಕಂದಾಯದ ರಸೀದಿಯನ್ನು. ಇವುಗಳಿಂದ ಮನೆ ಯಾರದೆಂದು ತಿಳಿಯುವುದೇ ಹೊರತು ಮನೆ ಎಂಥದೆಂದು ತಿಳಿಯುವುದಿಲ್ಲ.

ಇಷ್ಟೊಂದು ದಾಖಲೆಯನ್ನು ಇಡುವುದು ನಮ್ಮಿಂದಾಗದು ಎಂಬ ಮಾತನ್ನು ಕನ್ನಡಿಗರು ಆಡಬಾರದು. ಶಾನುಭೋಗರ ಕಾಲದಿಂದಲೂ ಪ್ರತಿಯೊಂದು ಹೊಲಕ್ಕೆ ಪಹಣಿಯನ್ನು ಇಟ್ಟು, ಒಡೆಯನಾರು, ಸಾಗುವಳಿಯವನಾರು, ಬೆಳೆ ಯಾವುದು ಎಂಬುದನ್ನು ಬರೆದಿಟ್ಟ ನಾಡು ನಮ್ಮದು. ಈ ಶತಮಾನದ ಆರಂಭದಲ್ಲಿ 'ಭೂಮಿ' ಯೋಜನೆಯ ಮೂಲಕ ಸುಮಾರು ೨ ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿ, ಅದರ ಪ್ರತಿಯನ್ನು ರೈತನು ತಾಲ್ಲೂಕು ಕಚೇರಿಯಲ್ಲಿ ಅಲ್ಪ ಶುಲ್ಕಕ್ಕೆ ಪಡೆಯುವಂತೆ ಮಾಡಿದುದು ಇದೇ ಕರ್ನಾಟಕ. ಒಂದು ಗುಂಟೆ ಜಮೀನಿಗೆ ಇರುವ ಲೆಕ್ಕವು ಸಾವಿರ ಜನರು ಮಲಗುವ ಸೌಧಕ್ಕೆ ಬೇಡವೇ? ಎತ್ತರದ ಪ್ರತಿಯೊಂದು ವಸತಿಗೃಹಕ್ಕೂ ಒಂದು ಪಹಣಿಯಿರಲಿ. ಮಂಜೂರಾದ ನಕ್ಷೆ, ಕಟ್ಟಿದಂತೆ ಬರೆದ ನಕ್ಷೆ, ಮಣ್ಣಿನ ಪರೀಕ್ಷೆ, ಕಂಬ ತೊಲೆಗಳ ಲೆಕ್ಕ, ಕಾಂಕ್ರೀಟಿನ ಪರೀಕ್ಷೆಯ ಫಲ, ಹೊರಮೈಯ ವಸ್ತುಗಳ ವಿವರ, ಬೆಂಕಿಯ ಸಮಯದಲ್ಲಿ ಹೊರಬರುವ ದಾರಿ, ಆ ಮೇಲೆ ಮಾಡಿದ ಪ್ರತಿಯೊಂದು ಬದಲಾವಣೆ, ಇವು ಅದರಲ್ಲಿರಲಿ. ಅದರ ಒಂದು ಪ್ರತಿಯು ನಗರಪಾಲಿಕೆಯಲ್ಲಿ, ಒಂದು ಅಗ್ನಿಶಾಮಕ ಠಾಣೆಯಲ್ಲಿ, ಒಂದು ಕಟ್ಟಡದ ಬಾಗಿಲಿನ ಬಳಿ ಬೀಗದ ಪೆಟ್ಟಿಗೆಯಲ್ಲಿ ಇರಲಿ. ಪುಸ್ತಕಕ್ಕೆ ಒಬ್ಬ ಹೊಣೆಗಾರನ ಹೆಸರಿರಲಿ; ಅವನು ಬದಲಾದ ದಿನ ಹೊಸಬನು ರುಜು ಹಾಕಿ ವಹಿಸಿಕೊಳ್ಳಲಿ.

ಇದಕ್ಕೆಲ್ಲ ಸರಕಾರದ ಆಜ್ಞೆ ಬೇಕು, ಅದು ಬರುವಾಗ ಬರಲಿ. ಅಷ್ಟರವರೆಗೆ ಮಹಾಜನರು ಕೈಕಟ್ಟಿ ಕುಳಿತಿರಬೇಕಾದ ಕಾರಣವಿಲ್ಲ. ಗೃಹಸಂಘಗಳ ಮುಂದಿನ ಸಭೆಯಲ್ಲಿ ಬಣ್ಣ ಬಳಿಯುವ ಖರ್ಚಿನ ಚರ್ಚೆಗೆ ಮುಂಚೆ ಯಾರಾದರೊಬ್ಬರು ಎದ್ದು ನಿಂತು ನಮ್ಮ ಕಟ್ಟಡದ ನಕ್ಷೆ ಎಲ್ಲಿದೆ, ಅದನ್ನು ಯಾರು ನೋಡಿರುವರು, ನಾಲ್ಕನೆಯ ಅಂತಸ್ತಿನಲ್ಲಿ ಗೋಡೆ ಒಡೆದು ಕೋಣೆ ಹಿಗ್ಗಿಸಿದುದು ಅದರಲ್ಲಿ ದಾಖಲಾಗಿದೆಯೇ ಎಂದು ಕೇಳಲಿ. ಉತ್ತರವಿದ್ದರೆ ಸಂತೋಷ. ಇಲ್ಲದಿದ್ದರೆ ಕಟ್ಟಿದವನಿಗೆ ೧೭ನೆಯ ಕಲಮನ್ನು ಹೆಸರಿಸಿ ಅಂದೇ ಒಂದು ಕಾಗದವನ್ನು ಬರೆಯಲಿ.